31 ಇಂಚಿನಲ್ಲಿ 14 ಗಂಟೆ

ನನ್ನ ಎತ್ತರ 6 ಅಡಿ 3 ಇಂಚು. ನಮ್ಮವಳು 5 ಅಡಿಗೆ ಒಂದು ಇಂಚು ಕಮ್ಮಿ. ಇಬ್ಬರಿಗೂ ಒಂದೇ ದರದ ಟಿಕೆಟ್, ಒಂದೇ ಅಳತೆಯ ಸೀಟು. ವಿಮಾನ ನೆಲ ಬಿಡುವ ಮೊದಲೇ ಅವಳಿಗೆ ನಿದ್ದೆ. ನಾನು ಮುಂದಿನ ಸೀಟಿನ ಬೆನ್ನಿಗೆ ಮೊಣಕಾಲು ಒತ್ತಿಕೊಂಡು, ಪರದೆಯ ಮೇಲಿನ ಪುಟ್ಟ ವಿಮಾನ ಸಮುದ್ರ ದಾಟುವುದನ್ನೇ ನೋಡುತ್ತ ಕೂತಿರುತ್ತೇನೆ. ಒಂದು ನಿದ್ದೆ ಮುಗಿಸಿ ಕಣ್ಣು ಬಿಟ್ಟಾಗ ಅವಳದ್ದು ಒಂದೇ ಪ್ರಶ್ನೆ: "ಇನ್ನೂ ಮಲಗಿಲ್ವಾ?"

ಮಗಳು ಹೊರದೇಶದಲ್ಲಿ ನೆಲೆಸಿ ಎಂಟು ವರ್ಷವಾಯಿತು. ಹೋಗಿ ಬಂದು ಎಲ್ಲ ಸೇರಿಸಿದರೆ 12 ಗಂಟೆ ಮೀರಿದ ಹಾರಾಟಗಳೇ ಹದಿನಾರು ಆಗಿವೆ. ಸಾಲದ್ದಕ್ಕೆ ನನ್ನ ಎಡ ಮೊಣಕಾಲು ಹಳೇ ಗಿರಾಕಿ. ಕಾಲೇಜಿನಲ್ಲಿ ವಾಲಿಬಾಲ್ ಆಡುವಾಗ ಉಳುಕಿದ್ದು, ಇವತ್ತಿಗೂ ಮುಕ್ಕಾಲು ಗಂಟೆ ಮಡಚಿಟ್ಟರೆ ಮಾತಾಡಲು ಶುರು ಮಾಡುತ್ತದೆ. ಹಾಗಾಗಿ ಸೀಟಿನ ವಿಷಯಕ್ಕೆ ನಾನು ಸ್ವಲ್ಪ ಜಾಸ್ತಿಯೇ ತಲೆ ಕೆಡಿಸಿಕೊಂಡಿದ್ದೇನೆ. "ರೀ, ಮನೆ ಕಟ್ಟುವಾಗ ಕೂಡ ನೀವು ಇಷ್ಟು ಅಳತೆ ತೆಗೀಲಿಲ್ಲ" ಅನ್ನುತ್ತಾಳೆ.

ಅಳತೆ ತೆಗೆದದ್ದು ನಿಜ. ಸೀಟ್ ಮ್ಯಾಪಿನಲ್ಲಿ 'ಪಿಚ್ 31 ಇಂಚು' ಎಂದು ಇರುತ್ತದಲ್ಲ, ಅದನ್ನು ನಾನು ಬಹಳ ದಿನ ಕಾಲಿಗೆ ಸಿಗುವ ಜಾಗ ಎಂದೇ ತಿಳಿದಿದ್ದೆ. ಅದು ಹಾಗಲ್ಲ. ಒಂದು ಸೀಟಿನ ಒಂದು ಬಿಂದುವಿನಿಂದ ಮುಂದಿನ ಸೀಟಿನ ಅದೇ ಬಿಂದುವಿಗೆ ಇರುವ ದೂರ ಅದು. ಸೀಟಿನ ಬೆನ್ನಿನ ದಪ್ಪವೂ ಅದರೊಳಗೇ ಬಂತು. ಒಂದು ಭಾನುವಾರ ಗೋಡೆಗೆ ಬೆನ್ನು ಹಚ್ಚಿ ಕುರ್ಚಿಯಲ್ಲಿ ಕೂತು, ಗೋಡೆಯಿಂದ ಮೊಣಕಾಲಿನ ತುದಿಯವರೆಗೆ ಟೇಪ್ ಹಿಡಿಸಿದೆ. 27 ಇಂಚು. ಸೀಟಿನ ಬೆನ್ನು, ಅದರ ಜೇಬು, ಜೇಬಿನೊಳಗಿನ ಪತ್ರಿಕೆ, ಎಲ್ಲ ಕಳೆದರೆ ನನಗೆ ಉಳಿಯುವುದು ಹೆಚ್ಚುಕಮ್ಮಿ ಸೊನ್ನೆ. ಅಂದಿನಿಂದ ಜೇಬಿನ ಪತ್ರಿಕೆಗಳನ್ನು ತೆಗೆದು ಮೇಲಿನ ಕಪಾಟಿಗೆ ಹಾಕುತ್ತೇನೆ. ಅರ್ಧ ಇಂಚು ಸಿಗುತ್ತದೆ. ನಗಬೇಡಿ, ಎಂಟನೇ ಗಂಟೆಯ ಹೊತ್ತಿಗೆ ಆ ಅರ್ಧ ಇಂಚಿನ ಬೆಲೆ ಗೊತ್ತಾಗುತ್ತದೆ.

ಎಕಾನಮಿಯಲ್ಲಿ ಹೋಗುವುದಾದರೆ ಸೀಟಿಗಿಂತ ಮೊದಲು ವಿಮಾನ ಯಾವುದು ಎಂದು ನೋಡಬೇಕು. ಇದನ್ನು ನಾನು ತಡವಾಗಿ ಕಲಿತೆ. ಬೋಯಿಂಗ್ 777 ಓಡಾಟಕ್ಕೆ ಬಂದದ್ದು 1995ರಲ್ಲಿ. ಆಗ ಹೆಚ್ಚಿನ ಕಂಪನಿಗಳು ಸಾಲಿಗೆ 9 ಸೀಟು ಹಾಕುತ್ತಿದ್ದವು. ಆಮೇಲೆ ಅದೇ ಅಗಲದಲ್ಲಿ 10 ತುರುಕಿದರು. ಒಬ್ಬೊಬ್ಬರಿಗೆ ಉಳಿದದ್ದು ಸುಮಾರು 17 ಇಂಚು. 787ರ ಕಥೆಯೂ ಇದೇ. ಸಾಲಿಗೆ 8 ಎಂದು ಮೊದಲಿದ್ದ ಯೋಚನೆ ಈಗ ಹೆಚ್ಚಿನ ಕಡೆ 9 ಆಗಿದೆ. ಏರ್‌ಬಸ್ 350ರಲ್ಲಿ ಸಾಲಿಗೆ 9 ಇದ್ದರೂ ಸುಮಾರು 18 ಇಂಚು ಸಿಗುತ್ತದೆ. ಒಂದು ಇಂಚಿಗೆ ಏನಾಗುತ್ತದೆ ಅಂತೀರಾ? ಪಕ್ಕದವರ ಮೊಣಕೈ ನಿಮ್ಮ ಪಕ್ಕೆಗೆ ತಾಗುವುದಕ್ಕೂ ತಾಗದಿರುವುದಕ್ಕೂ ಇರುವ ವ್ಯತ್ಯಾಸ ಆ ಒಂದು ಇಂಚೇ.

787, 350 ಎರಡರಲ್ಲೂ ಇನ್ನೊಂದು ಅನುಕೂಲ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ. ವಿಮಾನ 11 ಕಿಲೋಮೀಟರ್ ಮೇಲೆ ಹಾರುವಾಗ ಒಳಗಿನ ಗಾಳಿಯ ಒತ್ತಡ ನೆಲದ ಮೇಲಿನಷ್ಟು ಇರುವುದಿಲ್ಲ. ಹಳೆಯ ವಿಮಾನಗಳಲ್ಲಿ ಅದು 8,000 ಅಡಿ ಎತ್ತರದ ಬೆಟ್ಟದ ಮೇಲೆ ಕೂತ ಹಾಗೆ ಇರಬಹುದು. ಈ ಎರಡರ ಮೈ ಕಾರ್ಬನ್ ಫೈಬರಿನದ್ದು, ಒತ್ತಡ ಹೆಚ್ಚಿಟ್ಟರೂ ತಾಳಿಕೊಳ್ಳುತ್ತದೆ. ಅದಕ್ಕೇ ಅಲ್ಲಿ ಬೆಟ್ಟ 6,000 ಅಡಿಗೆ ಇಳಿಯುತ್ತದೆ. ಇಳಿದ ಮೇಲೆ ನನಗೆ ಬರುತ್ತಿದ್ದ ಮಂಕು ತಲೆನೋವು ಈ ವಿಮಾನಗಳಲ್ಲಿ ಬಂದಿಲ್ಲ. ಅದು ಬರೀ ನನ್ನ ಅನಿಸಿಕೆಯೂ ಇರಬಹುದು. ನಮ್ಮವಳನ್ನು ಕೇಳಿದರೆ "ನನಗೆ ಯಾವುದರಲ್ಲೂ ತಲೆನೋವು ಬಂದಿಲ್ಲ" ಅಂದಳು. ಅವಳನ್ನು ಸಾಕ್ಷಿಗೆ ಕರೆದು ಪ್ರಯೋಜನವಿಲ್ಲ.

ಜಾಸ್ತಿ ದುಡ್ಡು ಕೊಟ್ಟು ಜಾಸ್ತಿ ಕಾಲುಜಾಗ ತೆಗೆದುಕೊಂಡು ಪಶ್ಚಾತ್ತಾಪ ಪಟ್ಟದ್ದೂ ಉಂಟು. ಒಮ್ಮೆ ತುರ್ತು ಬಾಗಿಲ ಪಕ್ಕದ ಸಾಲು, ಎಕ್ಸಿಟ್ ರೋ, ಸಿಕ್ಕಿತು ಎಂದು ಹಿಗ್ಗಿ ಹೋಗಿ ಕೂತೆ. ಕಾಲು ಪೂರ್ತಿ ಚಾಚಬಹುದಿತ್ತು. ಆದರೆ ಆ ಸಾಲಿನಲ್ಲಿ ಊಟದ ತಟ್ಟೆ, ಟಿವಿ ಎರಡೂ ಆರ್ಮ್‌ರೆಸ್ಟಿನೊಳಗೆ ಮಡಚಿ ಇಟ್ಟಿರುತ್ತಾರೆ. ಹಾಗಾಗಿ ಆರ್ಮ್‌ರೆಸ್ಟ್ ದಪ್ಪ ಗೋಡೆಯ ಹಾಗೆ, ಮೇಲಕ್ಕೆತ್ತಲು ಬರುವುದಿಲ್ಲ, ಕೂರುವ ಜಾಗ ಇನ್ನಷ್ಟು ಕಿರಿದು. ಏರುವಾಗ ಇಳಿಯುವಾಗ ಕಾಲ ಬಳಿ ಚೀಲ ಇಡುವ ಹಾಗಿಲ್ಲ. ಎದುರಿಗೇ ಶೌಚಾಲಯ. ರಾತ್ರಿಯಿಡೀ ಕ್ಯೂ ನಿಂತವರು ನನ್ನ ಚಾಚಿದ ಕಾಲನ್ನು ದಾಟಿ ದಾಟಿ ಹೋದರು. ಮೂರನೆಯವರು ಎಡವಿದ ಮೇಲೆ ನಾನೇ ಕಾಲು ಮಡಚಿಕೊಂಡೆ. ಅಲ್ಲಿಗೆ ಕೊಟ್ಟ ದುಡ್ಡಿಗೆ ಮಂಗಳ.

ಇನ್ನೊಮ್ಮೆ ನಡೆದಾಡುವ ದಾರಿ ಪಕ್ಕದ ಮಾಮೂಲಿ ಐಲ್ ಸೀಟಿನ ಕೆಳಗೆ ಕಬ್ಬಿಣದ ಡಬ್ಬಿ. ಟಿವಿ ನಡೆಸುವ ಪೆಟ್ಟಿಗೆಯಂತೆ. ಎಡಗಾಲು ಇಡಬೇಕಾದ ಕಡೆಯೇ ಅದು ಕೂತಿತ್ತು, ನನ್ನ ಕೆಟ್ಟ ಮೊಣಕಾಲಿನ ಕಡೆ. ಸೀಟ್ ಮ್ಯಾಪಿನಲ್ಲಿ ಅದರ ಸುಳಿವೇ ಇರಲಿಲ್ಲ. ಗಗನಸಖಿಯನ್ನು ಕೇಳಿದೆ, ಪಾಪ ಅವಳು ಬಗ್ಗಿ ನೋಡಿ "ಹೌದು ಸರ್, ಇದೆ" ಎಂದು ಒಪ್ಪಿಕೊಂಡಳು. ಅಷ್ಟೇ.

ಈಗ ನಾನು ಎಕಾನಮಿಯಲ್ಲಿ ಹುಡುಕುವುದು ರೆಕ್ಕೆಯ ಹತ್ತಿರದ, ಶೌಚಾಲಯದಿಂದ ನಾಲ್ಕೈದು ಸಾಲು ದೂರದ ಐಲ್ ಸೀಟು. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಹಂಪ್ ಜೋರಾಗಿ ತಾಗುವ ಹಾಗೆ ವಿಮಾನದ ಬಾಲದ ಕಡೆ ಕುಲುಕಾಟ ಜಾಸ್ತಿ, ರೆಕ್ಕೆಯ ಬಳಿ ಕಮ್ಮಿ. ಐಲ್ ಕಡೆಯ ಆರ್ಮ್‌ರೆಸ್ಟ್ ಏಳುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಅದರ ಅಡಿಯಲ್ಲಿ, ಹಿಂದಿನ ಕೀಲಿನ ಹತ್ತಿರ ಬೆರಳು ಆಡಿಸಿ ನೋಡಿ. ಎಷ್ಟೋ ಸೀಟುಗಳಲ್ಲಿ ಅಲ್ಲೊಂದು ಗುಂಡಿ ಇರುತ್ತದೆ. ಒತ್ತಿದರೆ ಆರ್ಮ್‌ರೆಸ್ಟ್ ಮೇಲೆ ಬರುತ್ತದೆ. ದಾರಿಯಲ್ಲಿ ಊಟದ ಗಾಡಿ ಇಲ್ಲದಾಗ ಒಂದು ಕಾಲನ್ನು ಆ ಕಡೆ ತಿರುಗಿಸಿ ಕೂರಬಹುದು.

ಪ್ರೀಮಿಯಂ ಎಕಾನಮಿಗೆ ಮೂರು ಸಲ ದುಡ್ಡು ಕೊಟ್ಟಿದ್ದೇನೆ. ಪಿಚ್ 38 ಇಂಚಿನ ಆಸುಪಾಸು, ಅಗಲ ಇಂಚೋ ಎರಡೋ ಜಾಸ್ತಿ, ಕಾಲಿಗೊಂದು ಆಸರೆ. ಮೊಣಕಾಲಿನ ಜಗಳ ಅಲ್ಲಿಗೆ ಮುಗಿಯುತ್ತದೆ. ಆದರೆ ನಿದ್ದೆಯ ಜಗಳ ಮುಗಿಯುವುದಿಲ್ಲ. ಎಷ್ಟು ಒರಗಿದರೂ ಅದು ಕುರ್ಚಿಯೇ, ಕುರ್ಚಿಯಲ್ಲಿ ನಿದ್ದೆ ಬಾರದವನಿಗೆ ಒಳ್ಳೆ ಕುರ್ಚಿಯಲ್ಲೂ ಬರುವುದಿಲ್ಲ. ಸಿಂಗಪುರದಿಂದ ನ್ಯೂಯಾರ್ಕಿಗೆ 18 ಗಂಟೆ ಮೀರಿದ ನೇರ ವಿಮಾನ ಇದೆ. ಅದರಲ್ಲಿ ಎಕಾನಮಿಯೇ ಇಲ್ಲ. ಒಟ್ಟು 161 ಸೀಟಿನಲ್ಲಿ 94 ಪ್ರೀಮಿಯಂ, 67 ಬಿಸಿನೆಸ್. ಅಷ್ಟು ಹೊತ್ತಿಗೆ ಮಾಮೂಲಿ ಸೀಟು ಆಗದು ಎಂದು ಕಂಪನಿಯೇ ಒಪ್ಪಿಕೊಂಡ ಹಾಗಾಯಿತು ಎಂದು ನಾನು ಅಂದುಕೊಂಡಿದ್ದೆ. ಅಳಿಯ ನಕ್ಕ. ಅಷ್ಟು ದೂರಕ್ಕೆ ಇಂಧನವೇ ಬೇಕಾದಷ್ಟು ಹೊರಬೇಕು ಮಾವ, ಜನ ಕಮ್ಮಿ ಇದ್ದಷ್ಟೂ ಒಳ್ಳೇದು, ಕಮ್ಮಿ ಜನರ ಹತ್ತಿರ ಜಾಸ್ತಿ ದುಡ್ಡು ತಗೋಬೇಕಲ್ಲ ಅಂದ. ಇಬ್ಬರೂ ಸರಿಯಿರಬಹುದು.

ಸೀಟೇ ಹಾಸಿಗೆಯಾಗುವ ಬಿಸಿನೆಸ್ ಕ್ಲಾಸಿನ ವಿಷಯಕ್ಕೆ ನನ್ನ ಲೆಕ್ಕ ಒಂದೇ. ಜಾಸ್ತಿ ಕೊಡುವ ದುಡ್ಡನ್ನು ನಿದ್ದೆಯ ಗಂಟೆಗಳಿಂದ ಭಾಗಿಸಬೇಕು. ಹಗಲು ಹಾರಾಟದಲ್ಲಿ ಹಾಸಿಗೆ ಇದ್ದೇನು ಮಾಡುವುದು? ಸಿನಿಮಾ ಎಲ್ಲ ಕ್ಲಾಸಿನಲ್ಲೂ ಅದೇ. ರಾತ್ರಿ ಹೊರಟು ಬೆಳಿಗ್ಗೆ ತಲುಪಿಸುವ 14 ಗಂಟೆಯಾದರೆ, ಊಟ ತಿಂಡಿ ಕಳೆದು ಎಂಟು ಗಂಟೆಯಾದರೂ ಮಲಗಲು ಸಿಗುತ್ತದೆ. ಮಾರನೇ ದಿನ ಕೆಲಸವಿದ್ದರಂತೂ ಲೆಕ್ಕ ಇನ್ನೂ ಸುಲಭ. ಆದರೆ 'ಫ್ಲಾಟ್' ಎಂಬ ಪದವನ್ನು ಮಾತ್ರ ಸರಿಯಾಗಿ ಓದಬೇಕು. ಬ್ರಿಟಿಷ್ ಏರ್‌ವೇಸ್ ಬಿಸಿನೆಸ್‌ನಲ್ಲಿ ಪೂರ್ತಿ ಮಟ್ಟಸ ಹಾಸಿಗೆ ತಂದದ್ದು 2000ದಲ್ಲಿ. ಆಮೇಲೂ ಎಷ್ಟೋ ಕಂಪನಿಗಳು ವರ್ಷಗಟ್ಟಲೆ ಇಳಿಜಾರು ಹಾಸಿಗೆಯನ್ನೇ ಇಟ್ಟುಕೊಂಡಿದ್ದವು. ನೇರವೇನೋ ಹೌದು, ನೆಲಕ್ಕೆ ಓರೆ. ಕಂಪನಿಯ ಖರ್ಚಿನಲ್ಲಿ ನಾನು ಮೊದಲ ಸಲ ಬಿಸಿನೆಸ್ ಹತ್ತಿದಾಗ ಸಿಕ್ಕಿದ್ದು ಅಂಥದ್ದೇ. ಮಲಗಿದ ಹತ್ತು ನಿಮಿಷಕ್ಕೆ ಹೊದಿಕೆ ಸಮೇತ ಜಾರಿ ಕಾಲ ಕಡೆ ಮುದ್ದೆಯಾಗುತ್ತಿದ್ದೆ. ಮೇಲಕ್ಕೆ ತೆವಳುವುದು, ಮತ್ತೆ ಜಾರುವುದು. ಆರು ಗಂಟೆ ಹೀಗೇ ಜಾರುಬಂಡೆ ಆಡಿದೆ. ಹಾಗೇ ಸಾಲಿನಲ್ಲಿ ಎಷ್ಟು ಸೀಟು ಎಂದೂ ನೋಡಿ. 1-2-1, ಅಂದರೆ ಒಂದು ಸೀಟು, ದಾರಿ, ಎರಡು ಸೀಟು, ದಾರಿ, ಒಂದು ಸೀಟು ಇದ್ದರೆ ಎಲ್ಲರಿಗೂ ದಾರಿ ಇರುತ್ತದೆ. 2-2-2 ಇದ್ದರೆ ಕಿಟಕಿ ಪಕ್ಕದವರು ರಾತ್ರಿ ಏಳಬೇಕಾದಾಗ ಮಲಗಿರುವ ಅಪರಿಚಿತರನ್ನು ದಾಟಬೇಕು. ಅಷ್ಟು ದುಡ್ಡು ಕೊಟ್ಟು!

ಕಳೆದ ವರ್ಷ ವಾಪಸ್ ಬರುವಾಗಿನ ಪ್ರಸಂಗ ಹೇಳದೇ ಇರಲಾರೆ. ಮೂರು ಸೀಟಿನ ಸಾಲಿನಲ್ಲಿ ನನಗೆ ಐಲ್, ಅವಳಿಗೆ ವಿಂಡೋ ಬುಕ್ ಮಾಡಿದ್ದೆ. ನಡುವಿನ ಸೀಟನ್ನು ಒಬ್ಬರೇ ಪ್ರಯಾಣಿಸುವವರು ಸಾಮಾನ್ಯವಾಗಿ ಕೊನೆಗೇ ಆರಿಸುತ್ತಾರೆ. ವಿಮಾನ ತುಂಬದಿದ್ದರೆ ಅದು ಖಾಲಿ ಉಳಿಯಬಹುದು ಎಂಬ ಆಸೆ. ಕೌಂಟರಿನ ಹುಡುಗಿ ಬೋರ್ಡಿಂಗ್ ಪಾಸ್ ಕೊಡುವಾಗ, ಬಿಸಿನೆಸ್‌ನಲ್ಲಿ ಒಂದೇ ಒಂದು ಸೀಟು ಉಳಿದಿದೆ, ಕಮ್ಮಿಗೆ ಕೊಡುತ್ತೇವೆ ಅಂದಳು. ನಾನು ಬೇಡ ಅಂದೆ. "ಹೋಗಿ ರೀ, ನಿಮ್ಮ ಕಾಲು ನೋಡೋಕಾಗಲ್ಲ" ಎಂದು ನಮ್ಮವಳೇ ದೂಡಿದಳು. ಹೋದೆ.

ಈ ಸಲ ಹಾಸಿಗೆ ನಿಜಕ್ಕೂ ಮಟ್ಟಸವಾಗಿತ್ತು. ದಿಂಬು ದೊಡ್ಡದು, ಹೊದಿಕೆ ಮೆತ್ತಗೆ. ಆದರೂ ನಿದ್ದೆ ಹತ್ತಲಿಲ್ಲ. ಕಾಲು ತುರುಕಬೇಕಾದ ಗೂಡು ನನ್ನ ಪಾದಕ್ಕೆ ಸಣ್ಣದು, ಆರು ಅಡಿ ದಾಟಿದವರನ್ನು ಅವರು ಲೆಕ್ಕಕ್ಕೆ ಹಿಡಿದಂತಿಲ್ಲ. ಅದಕ್ಕಿಂತ ಜಾಸ್ತಿ ಮನಸ್ಸಿನೊಳಗೆ ಒಂದು ಕಸಿವಿಸಿ. ಅವಳೊಬ್ಬಳೇ ಅಲ್ಲಿ ಹಿಂದೆ ಇಕ್ಕಟ್ಟಿನಲ್ಲಿ ಕೂತಿದ್ದಾಳೆ, ನಾನಿಲ್ಲಿ ಜಮೀನ್ದಾರನ ಹಾಗೆ ಬಿದ್ದುಕೊಂಡಿದ್ದೇನೆ. ನಾಲ್ಕನೇ ಗಂಟೆಗೆ ಎದ್ದು, ಕೊಟ್ಟಿದ್ದ ಚಾಕಲೇಟನ್ನು ಜೇಬಿಗೆ ಹಾಕಿಕೊಂಡು, ಪರದೆ ಸರಿಸಿ ಹಿಂದಕ್ಕೆ ನಡೆದೆ. ಕತ್ತಲಲ್ಲಿ ಸಾಲು ಎಣಿಸಿಕೊಂಡು ಹೋಗಿ ನೋಡಿದರೆ, ಎರಡೂ ಆರ್ಮ್‌ರೆಸ್ಟ್ ಮೇಲೆತ್ತಿ, ಮೂರೂ ಸೀಟಿನ ಉದ್ದಕ್ಕೆ ಮಲಗಿದ್ದಾಳೆ! ನಡುವಿನ ಸೀಟು ಖಾಲಿ, ನನ್ನದೂ ಖಾಲಿ. ಮೂರು ದಿಂಬು, ಮೂರು ಹೊದಿಕೆ, ಹೊದಿಕೆಯ ಮೇಲೆ ಬೆಲ್ಟ್. 4 ಅಡಿ 11 ಇಂಚಿಗೆ ಅಳತೆ ಮಾಡಿ ಮಾಡಿಸಿದ ಹಾಗಿತ್ತು. ಸಣ್ಣಗೆ ಗೊರಕೆ ಬೇರೆ. ಚಾಕಲೇಟನ್ನು ಮುಂದಿನ ಸೀಟಿನ ಜೇಬಿನಲ್ಲಿಟ್ಟು ವಾಪಸ್ ಬಂದೆ. ಆಮೇಲೂ ನಿದ್ದೆ ಬರಲಿಲ್ಲ. ಈಗ ಕಾರಣ ಬೇರೆ.

ಸೀಟು ಯಾವುದಾದರೂ ಕಾಲು ಆಡಿಸುವುದನ್ನು ಬಿಡಬಾರದು. 'ಎಕಾನಮಿ ಕ್ಲಾಸ್ ಸಿಂಡ್ರೋಮ್' ಎಂಬ ಹೆಸರು ಕೇಳಿ ಬಿಸಿನೆಸ್‌ನವರಿಗೆ ಭಯವಿಲ್ಲ ಅಂದುಕೊಳ್ಳುತ್ತಾರೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದಕ್ಕೆ ಕ್ಲಾಸಿನ ಭೇದ ಇಲ್ಲ, ಅಲುಗಾಡದೆ ಕೂತರೆ ಸಾಕು, ಬಸ್ಸು ಕಾರಿನಲ್ಲೂ ಆಗಬಹುದು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದ ಪ್ರಕಾರ 4 ಗಂಟೆ ಮೀರಿದ ಪ್ರಯಾಣದಲ್ಲಿ ಆ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಹಾಗಾದರೂ 6,000 ಜನರಲ್ಲಿ ಒಬ್ಬರಿಗೆ ಅಷ್ಟೆ, ಹೆದರಬೇಕಾಗಿಲ್ಲ. ಯಾರಿಗೆ ಜಾಸ್ತಿ ಎಂಬ ಪಟ್ಟಿಯಲ್ಲಿ ಒಂದು ಸಾಲು ಓದಿ ನಗು ಬಂತು. 1.9 ಮೀಟರಿಗಿಂತ ಉದ್ದ ಇರುವವರು, 1.6 ಮೀಟರಿಗಿಂತ ಗಿಡ್ಡ ಇರುವವರು. ಗಂಡ ಹೆಂಡತಿ ಇಬ್ಬರೂ ಒಂದೇ ವಾಕ್ಯದಲ್ಲಿ ಸಿಕ್ಕಿಬಿದ್ದೆವು. ಅಂದಿನಿಂದ ಇಬ್ಬರಿಗೂ ಮೊಣಕಾಲವರೆಗಿನ ಬಿಗಿ ಕಾಲುಚೀಲ, ಡಾಕ್ಟರನ್ನು ಕೇಳಿಯೇ ತಂದದ್ದು. ಅವಳು ಎಚ್ಚರವಿದ್ದಾಗಲೆಲ್ಲ ಪಾದ ಕುಣಿಸುತ್ತಾಳೆ. ನಾನು ಎರಡು ಗಂಟೆಗೊಮ್ಮೆ ಹಿಂದಿನ ಅಡುಗೆಮೂಲೆಯವರೆಗೆ ನಡೆದು, ಒಂದು ಲೋಟ ನೀರು ಕುಡಿದು ಬರುತ್ತೇನೆ.

ಮತ್ತೆ ಸದ್ದು. ಶಬ್ದ ತಡೆಯುವ ಹೆಡ್‌ಫೋನ್ ಇಲ್ಲದೆ ನಾನೀಗ ವಿಮಾನ ಹತ್ತುವುದಿಲ್ಲ. ಬೋಸ್ ಆಡಿಯೋ ಕಂಪನಿ ಕಟ್ಟಿದ ಅಮರ್ ಬೋಸ್ ಅವರಿಗೆ ಅದರ ಯೋಚನೆ ಹೊಳೆದದ್ದೇ ವಿಮಾನದಲ್ಲಿ, 1978ರಲ್ಲಿ ಜ್ಯೂರಿಕ್‌ನಿಂದ ವಾಪಸ್ ಬರುವಾಗ. ಎಂಜಿನ್ನಿನ ಗದ್ದಲದಲ್ಲಿ ಸಂಗೀತ ಸರಿಯಾಗಿ ಕೇಳಲಿಲ್ಲವಂತೆ. ಹಾರಾಟದ ಬೇಸರದಿಂದ ಜಗತ್ತಿಗೆ ಒಂದಾದರೂ ಉಪಕಾರ ಆಗಿದೆ. ನಾನು ಆ ಹೊತ್ತಿನಲ್ಲಿ ಟೇಪ್ ಹಿಡಿದಿದ್ದೇನೆ, ಅಷ್ಟೇ.

ಮುಂದಿನ ತಿಂಗಳು ಮತ್ತೆ ಹೊರಡಬೇಕು. ಹೋಗುವಾಗ ಹಗಲು, 350 ವಿಮಾನ, ಎಕಾನಮಿಯೇ ಸಾಕು ಎಂದು ಐಲ್ ಮತ್ತು ವಿಂಡೋ ಹಾಕಿಸಿದ್ದೇನೆ. ಬರುವಾಗ ರಾತ್ರಿ. ಅದಕ್ಕೆ ಇಬ್ಬರಿಗೂ ಬಿಸಿನೆಸ್ ನೋಡೋಣವಾ ಎಂದು ನಿನ್ನೆ ಕೇಳಿದೆ. "ಸುಮ್ನೆ ಯಾಕೆ ಇಬ್ಬರಿಗೂ? ಕೌಂಟರಿನಲ್ಲಿ ಕೇಳಿ, ಒಂದು ಸಿಕ್ಕಿದರೆ ನೀವು ಹೋಗಿ. ನಾನು ಹಿಂದೆ ಹೇಗೋ ಅಡ್ಜಸ್ಟ್ ಮಾಡ್ಕೋತೀನಿ" ಅಂದಳು. ಮುಖದಲ್ಲಿ ತ್ಯಾಗದ ಕಳೆ ಬೇರೆ.

ಐಲ್ ಮತ್ತು ವಿಂಡೋ ತಾನೇ ಹಾಕ್ಸಿರೋದು ಎಂದು ಮಲಗುವ ಮುಂಚೆ ಎರಡು ಸಲ ಕೇಳಿದಳು.