ಗೇಜಿನ ಮುಳ್ಳು 13ಕ್ಕೆ ನಿಂತಾಗ

ಕೈಮರದಾಚೆಯ ಕಾಫಿ ತೋಟವೊಂದರ ರೈಟರ್ (ತೋಟದ ಲೆಕ್ಕ ಬರೆಯುವವರು) ತಮ್ಮ 2003ರ ಎಂಪಿಎಫ್‌ಐ ಕಾರು, ಅಂದರೆ ಇಂಜೆಕ್ಟರಿನಿಂದ ಪೆಟ್ರೋಲ್ ಹೋಗುವ ಕಾರು, ನಮ್ಮ ಗ್ಯಾರೇಜಿಗೆ ತಂದು ನಿಲ್ಲಿಸಿದರು. "ಹೋದ ಸಲ ಇಲ್ಲಿಗೆ ಬಂದು ಹೋದ ಮೇಲೆ ಯಾಕೋ ಎಳೀತಿಲ್ಲ ಮಾರಾಯ. ಘಾಟಿ ಹತ್ತೋಕೆ ಫಸ್ಟ್ ಗೇರೇ ಬೇಕು. ಪೆಟ್ರೋಲ್ ವಾಸನೆ ಬೇರೆ." ಪ್ಲಗ್ ಬಿಚ್ಚಿದೆ. ನಾಲ್ಕೂ ಮಸಿ ಹಿಡಿದಿದ್ದವು.

ಎಂಜಿನ್ ಗಾಳಿ ಎಳೆಯುವ ಜೋರನ್ನು ಪಾದರಸದ ಇಂಚಿನಲ್ಲಿ ತೋರಿಸುವ ವ್ಯಾಕ್ಯೂಮ್ ಗೇಜು ಸಿಕ್ಕಿಸಿದೆ. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಓಡುವಾಗ) 13 ಇಂಚು, ಮುಳ್ಳು ಅಲುಗಾಡುತ್ತಿಲ್ಲ. ಪುಸ್ತಕದಲ್ಲಿ 17ರಿಂದ 22 ಅಂತ ಇರುತ್ತದೆ. ಆದರೆ ಅದು ಸಮುದ್ರ ಮಟ್ಟದ ಲೆಕ್ಕ. 1,000 ಅಡಿ ಮೇಲೇರಿದರೆ ಹೆಚ್ಚುಕಮ್ಮಿ ಒಂದು ಇಂಚು ಇಳಿಯುತ್ತದೆ. ಚಿಕ್ಕಮಗಳೂರು 1,000 ಮೀಟರಿಗಿಂತ ಮೇಲಿದೆ, ಅಲ್ವಾ? "ಎತ್ತರದ ಊರು, ಅದಕ್ಕೇ ಕಮ್ಮಿ" ಅಂದುಕೊಂಡು ಗೇಜು ಬಿಚ್ಚುವವನಿದ್ದೆ.

"ಪಕ್ಕದ ಕಾರಿಗೆ ಹಾಕಿ ನೋಡೋ" ಅಂದರು ಮೇಸ್ತ್ರಿ. ಅದೂ ಇದೇ ಊರಿನ ಗಾಳಿ ಕುಡಿಯುವ ಕಾರು. 16.5 ತೋರಿಸಿತು.

ಹಾಗಾದರೆ ಗಾಳಿ ಲೀಕ್ ಅಂತ ಹೊರಟೆ. ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಸುತ್ತ, ಇಂಜೆಕ್ಟರ್ ಬುಡಕ್ಕೆ ಕಾರ್ಬ್ ಕ್ಲೀನರ್ ಹೊಡೆದೆ. ಎಂಜಿನ್ ಸದ್ದು ಬದಲಾಗಲಿಲ್ಲ. ಬ್ರೇಕ್ ಬೂಸ್ಟರ್ ಪೈಪ್ ಹಿಸುಕಿದೆ, ಮುಳ್ಳು ಅಲ್ಲೇ. ಸುಮ್ನೆ ಇರದೆ ಥ್ರಾಟಲ್ ಬಾಡಿ ಗ್ಯಾಸ್ಕೆಟ್ ಬೇರೆ ಬದಲಾಯಿಸಿದೆ. ದುಡ್ಡು ದಂಡ. ನಿಜ ಹೇಳಬೇಕೆಂದರೆ, ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡಿನ ಒತ್ತಡ ಅಳೆಯುವಂಥದ್ದು) ಇರುವ ಇಂಥ ಕಾರಲ್ಲಿ ಲೀಕ್ ಇದ್ದರೆ ಐಡಲ್ ಏರಬೇಕಿತ್ತು. ಏರಿರಲಿಲ್ಲ. ಆಮೇಲೆ ಸೈಲೆನ್ಸರ್ ಕಟ್ಟಿದೆಯಾ ಅಂತ 2,500 ಆರ್‌ಪಿಎಂನಲ್ಲಿ ಹಿಡಿದು ನೋಡಿದೆ. ಕಟ್ಟಿದ್ದರೆ ಮುಳ್ಳು ಮೆಲ್ಲಗೆ ಇಳಿಯುತ್ತದೆ. ಇಳಿಯಲಿಲ್ಲ.

ಒಂದು ವಾಲ್ವ್ ಸುಟ್ಟಿದ್ದರೆ ಮುಳ್ಳು ತಾಳ ಹಾಕಿದ ಹಾಗೆ ಬಡಿಯುತ್ತದೆ. ಇಲ್ಲಿ ಕಲ್ಲಿನ ಹಾಗೆ ನಿಂತಿತ್ತು. ಅಂದರೆ ನಾಲ್ಕೂ ಸಿಲಿಂಡರಿಗೆ ಒಂದೇ ಕಾಯಿಲೆ. ಕಂಪ್ರೆಶನ್, ಅಂದರೆ ಪಿಸ್ಟನ್ ಒತ್ತಿದಾಗ ಸಿಲಿಂಡರಿನೊಳಗಿನ ಒತ್ತಡ, ನೋಡಿದೆ. ನಾಲ್ಕೂ ಸಮ, ನಾಲ್ಕೂ ಕಮ್ಮಿ.

"ಟೈಮಿಂಗ್ ಬೆಲ್ಟ್ ಯಾರೋ ಹಾಕಿದ್ದು?" ಅಂದರು ಮೇಸ್ತ್ರಿ.

ನಾನೇ. ಮೂರು ವಾರದ ಹಿಂದೆ.

ಈ ಬೆಲ್ಟ್ ಕ್ರ್ಯಾಂಕಿನ ಜೊತೆ ಕ್ಯಾಮನ್ನು ತಿರುಗಿಸುತ್ತದೆ, ಕ್ಯಾಮ್ ವಾಲ್ವ್‌ಗಳನ್ನು ತೆರೆಯುತ್ತದೆ. ಕವರ್ ಬಿಚ್ಚಿದರೆ ಕ್ಯಾಮ್ ಮಾರ್ಕ್ ಒಂದು ಹಲ್ಲು ಹಿಂದೆ ಇತ್ತು. ವಾಲ್ವ್ ತಡವಾಗಿ ಮುಚ್ಚಿಕೊಳ್ಳುತ್ತದೆ. ಒಳಗೆ ಎಳೆದುಕೊಂಡದ್ದರಲ್ಲಿ ಸ್ವಲ್ಪವನ್ನು ಪಿಸ್ಟನ್ ವಾಪಸ್ ಮ್ಯಾನಿಫೋಲ್ಡಿಗೆ ತಳ್ಳುತ್ತದೆ. ವ್ಯಾಕ್ಯೂಮ್ ಬೀಳುತ್ತದೆ. ಅದನ್ನು ನೋಡಿದ ಮ್ಯಾಪ್ ಸೆನ್ಸರಿಗೆ ಎಂಜಿನ್ ಮೇಲೆ ಲೋಡ್ ಜಾಸ್ತಿ ಅನ್ನಿಸಿ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಪೆಟ್ರೋಲ್ ಸುರಿಯುತ್ತದೆ. ಮಸಿಯೂ ವಾಸನೆಯೂ ಅಲ್ಲಿಂದಲೇ.

ಆ ಸಂಜೆ ಮಳೆ, ಕರೆಂಟೂ ಇರಲಿಲ್ಲ. ಮೊಬೈಲ್ ಬೆಳಕಿನಲ್ಲಿ ಮಾರ್ಕ್ ಕೂರಿಸಿ, ಟೆನ್ಷನರ್ ಬಿಗಿದು ಕವರ್ ಹಾಕಿಬಿಟ್ಟಿದ್ದೆ. ಕ್ರ್ಯಾಂಕನ್ನು ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ, ಮಾರ್ಕ್ ಮತ್ತೆ ಕೂಡುತ್ತದೆಯೇ ಅಂತ ನೋಡಿರಲಿಲ್ಲ. ಎರಡು ನಿಮಿಷದ ಕೆಲಸ ಅದು.

ಬೆಲ್ಟ್ ಸರಿ ಕೂರಿಸಿದ ಮೇಲೆ ಮುಳ್ಳು 16.5ಕ್ಕೆ ಬಂತು. ಕೂಲಿ ತಗೊಳ್ಳಲಿಲ್ಲ, ಗ್ಯಾಸ್ಕೆಟ್ ದುಡ್ಡೂ ನನ್ನದೇ. ತಪ್ಪು ನನ್ನದು ಅಂತ ರೈಟರಿಗೆ ಹೇಳಿದೆ. ಅವರು ಕೀ ತಗೊಂಡು, "ನಾನು ಬಂದ ಕೂಡಲೇ ಹೇಳಿದ್ದೆನಲ್ಲ, ಇಲ್ಲಿಂದ ಹೋದ ಮೇಲೆಯೇ ಹೀಗೆ ಅಂತ" ಅಂದರು.