ಪಾಲಿಯ ಮಗಳು ಲೂಸಿ

ಬಿ.ಎ. ಕೊನೆಯ ವರ್ಷ ನಮಗೆ ಅಮೆರಿಕದ ಇತಿಹಾಸವಿತ್ತು. ಮೇಷ್ಟ್ರು ಅಂತರ್ಯುದ್ಧದ ಪಾಠವನ್ನು ಲಿಂಕನ್‌ನಿಂದ ಶುರು ಮಾಡಲಿಲ್ಲ. ಬೋರ್ಡಿನ ಮೇಲೆ ಉದ್ದಕ್ಕೆ ಮಿಸಿಸಿಪ್ಪಿ ನದಿ ಎಳೆದರು. ಬಲಕ್ಕೆ ಇಲಿನಾಯ್, ಅಲ್ಲಿ ಗುಲಾಮಗಿರಿಗೆ ಕಾನೂನಿನ ನಿಷೇಧ. ಎಡಕ್ಕೆ ಮಿಸೌರಿ, ಅಲ್ಲಿ ಗುಲಾಮಗಿರಿಯೇ ಕಾನೂನು. ಎಡದಂಡೆಯಲ್ಲೊಂದು ಚುಕ್ಕೆಯಿಟ್ಟು ಸೇಂಟ್ ಲೂಯಿಸ್ ಎಂದು ಬರೆದರು.

ಒಡೆಯ ತನ್ನ ಗುಲಾಮರನ್ನು ಇಲಿನಾಯ್‌ಗೆ ಒಯ್ದು ಅಲ್ಲೇ ನೆಲೆಸಿದರೆ ಅವರು ಸ್ವತಂತ್ರರು, ಮಿಸೌರಿಗೆ ಮರಳಿ ತಂದರೂ ಅದು ಹೋಗದು ಎಂದು 1824ರಲ್ಲಿ, ವಿನ್ನಿ ಎಂಬಾಕೆಯ ಮೊಕದ್ದಮೆಯಲ್ಲಿ ಮಿಸೌರಿಯ ಸುಪ್ರೀಂ ಕೋರ್ಟೇ ಹೇಳಿತ್ತು. ಆದರೆ ದಾವೆ ಹೂಡುವವರು ತಮ್ಮನ್ನು ಹೊಡೆದು ಅಕ್ರಮವಾಗಿ ಕೂಡಿಹಾಕಿದ್ದಾರೆಂದು ದೂರು ಕೊಡಬೇಕಿತ್ತು. ತಾನು ಸ್ವತಂತ್ರ ಎಂದು ತೋರಿಸುವ ಹೊಣೆಯೂ ಅವರದೇ. ಓದು ಬರಹ ಕಲಿಸದೆ, ಮಾರಿ ಊರೂರು ಅಲೆಸಿದವರು ಸಾಕ್ಷಿ ಎಲ್ಲಿಂದ ತರಬೇಕು?

ಹಾಗೆ ಇಲಿನಾಯ್‌ನಲ್ಲಿ ಇದ್ದು ಬಂದಿದ್ದ, ಸೇಂಟ್ ಲೂಯಿಸ್‌ನಲ್ಲಿ ಗುಲಾಮಳಾಗಿದ್ದ ಪಾಲಿ ಎಂಬಾಕೆ ಬಿಡುಗಡೆಗಾಗಿ 1839ರಲ್ಲಿ ದಾವೆ ಹಾಕಿ 1843ರಲ್ಲಿ ಗೆದ್ದಳು. ಅಷ್ಟರೊಳಗೆ, 1842ರಲ್ಲಿ, ಮಗಳು ಲೂಸಿಯ ಪರವಾಗಿಯೂ ಕೋರ್ಟಿಗೆ ಹೋಗಿದ್ದಳು. ತಾಯಿಯ ಸ್ಥಿತಿಯೇ ಮಗುವಿನದು ಎಂಬುದು ಗುಲಾಮಗಿರಿಯದೇ ನಿಯಮ. ಅದನ್ನೇ ಈ ಹೆಣ್ಣುಮಗಳು ಒಡೆಯರ ಮೇಲೆ ತಿರುಗಿಸಿದಳು. ಆದರೆ ಲೂಸಿ ತನ್ನ ಹೊಟ್ಟೆಯಲ್ಲಿ ಹುಟ್ಟಿದವಳೆಂದೂ ರುಜುವಾತು ಮಾಡಬೇಕಿತ್ತು. ಮೊಕದ್ದಮೆ ಮುಗಿಯುವ ತನಕ ಲೂಸಿ 17 ತಿಂಗಳು ಜೈಲಿನಲ್ಲಿದ್ದಳು. ಹದಿಮೂರರ ಆಸುಪಾಸಿನ ಹುಡುಗಿ, ಮಾಡಿದ ತಪ್ಪು ಒಂದೂ ಇಲ್ಲ. ಇದನ್ನು ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ.

ಲೂಸಿಯ ವಕೀಲರು ಎಡ್ವರ್ಡ್ ಬೇಟ್ಸ್, ಮುಂದೆ ಲಿಂಕನ್ ಸರ್ಕಾರದ ಅಟಾರ್ನಿ ಜನರಲ್. ಸಾಕ್ಷಿಗಳಲ್ಲಿ ಒಬ್ಬರು ರಾಬರ್ಟ್ ವಾಷ್, ಪಾಲಿಯ ಹಳೆಯ ಒಡೆಯ, ಮಿಸೌರಿ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿದ್ದವರು. ಇವಳು ಪಾಲಿಯ ಮಗಳೇ ಎಂದು ಆತ ಹೇಳಿದ್ದು ದೊಡ್ಡದಾಯಿತು. 1844ರ ಫೆಬ್ರವರಿಯಲ್ಲಿ ಲೂಸಿ ಬಿಡುಗಡೆಯಾದಳು. ಈ ಕಥೆಯನ್ನು ಮುಂದೆ ತಾನೇ ಬರೆದಳು.

ಗುಲಾಮರಾಗಿದ್ದ ಡ್ರೆಡ್ ಸ್ಕಾಟ್, ಹ್ಯಾರಿಯೆಟ್ ದಂಪತಿ ಬಿಡುಗಡೆಗಾಗಿ 1846ರಲ್ಲಿ ದಾವೆ ಹೂಡಿದ್ದೂ ಸೇಂಟ್ ಲೂಯಿಸ್‌ನಲ್ಲೇ. 1857ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಕಪ್ಪು ಜನ ಪ್ರಜೆಗಳೇ ಅಲ್ಲ, ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡುವ ಹಕ್ಕೇ ಅವರಿಗಿಲ್ಲ ಎಂದುಬಿಟ್ಟಿತು. ಪರೀಕ್ಷೆಗೆ ನಾವೆಲ್ಲ ಓದಿಕೊಂಡದ್ದು ಇದನ್ನೇ. ಪಾಲಿಯ ಹೆಸರು ಪಠ್ಯದಲ್ಲಿರಲಿಲ್ಲ.

ಆ ಪಾಠ ಮುಗಿದ ಮೇಲೆ ಮೇಷ್ಟ್ರು ನಮ್ಮ ದೇಶದ 1976ರ ಜೀತ ಪದ್ಧತಿ ರದ್ದತಿ ಕಾಯಿದೆಯನ್ನು ತಂದು 15ನೇ ಕಲಮನ್ನು ನನ್ನಿಂದ ಗಟ್ಟಿಯಾಗಿ ಓದಿಸಿದರು. ಇದು ಜೀತದ ಸಾಲ ಎಂದು ಜೀತದಾಳು ಹೇಳಿದರೆ, ಅಲ್ಲವೆಂದು ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನದು. ನಾನು ಕಾನೂನು ಓದಲು ಹೋದದ್ದು ಆ ಕಲಮಿನಿಂದ.