ಜೈಲಿನಿಂದ ಬಂದವರಿಗೆ ಮೊದಲು ಬೇಕಾದದ್ದು ಕಾಗದಪತ್ರ

ಬಿಡುಗಡೆಯಾದವರಿಗೆ ನೆರವಾಗಲು ಹೊರಟವರು ಸಾಮಾನ್ಯವಾಗಿ ಮೊದಲು ಕೆಲಸ ಹುಡುಕುತ್ತಾರೆ. ಕೆಲಸ ಸಿಕ್ಕರೂ ಸಂಬಳ ಹಾಕಲು ಖಾತೆ ಬೇಕು, ಖಾತೆಗೆ ಆಧಾರ್ ಕೇಳುತ್ತಾರೆ, ಆಧಾರ್‌ಗೆ ಜೋಡಿಸಿದ್ದ ಸಿಮ್ ಎಂದೋ ಸತ್ತಿರುತ್ತದೆ. 90 ದಿನ ಬಳಸದಿದ್ದರೆ ಸಿಮ್ ರದ್ದಾಗಬಹುದು, ಆಮೇಲೆ ಆ ನಂಬರು ಇನ್ಯಾರಿಗೋ ಹೋಗುತ್ತದೆ. ಓಟಿಪಿಯೂ ಅವರಿಗೇ ಹೋಗುತ್ತದೆ. ಹಾಗಾಗಿ ಸೈಬರ್ ಸೆಂಟರಿನಲ್ಲಿ ಅಲೆಯುವುದು ವ್ಯರ್ಥ. ನೇರವಾಗಿ ಆಧಾರ್ ಕೇಂದ್ರಕ್ಕೆ ಕರೆದೊಯ್ಯಿರಿ. ಮೊಬೈಲ್ ನಂಬರು ಬದಲಿಸಲು ಬೇರೆ ದಾಖಲೆ ಬೇಡ, ಬೆರಳಚ್ಚು ಸಾಕು. ಗಾರೆ ಕೆಲಸ ಮಾಡಿ ಬೆರಳು ಸವೆದಿದ್ದರೆ ಕಣ್ಣಿನ ಸ್ಕ್ಯಾನ್ ಮಾಡಿ ಎಂದು ನೀವೇ ಕೇಳಿ.

ಆಧಾರ್ ಮಾಡಿಸಿಯೇ ಇಲ್ಲದವರಿಗೆ ಒಳಗಿರುವಾಗಲೇ ಮಾಡಿಸುವುದು ಲೇಸು. ಜೈಲು ಅಧಿಕಾರಿ ಸಹಿ, ಮೊಹರು ಹಾಕಿದ ಕೈದಿ ದಾಖಲಾತಿ ಪತ್ರ ಅದಕ್ಕೆ ನಡೆಯುತ್ತದೆ. ಹೊರಬಂದ ಮೇಲೆ, ಬೇರೆ ದಾಖಲೆ ಇಲ್ಲದೆ ಆಶ್ರಯ ಕೇಂದ್ರದಲ್ಲಿ ಇರುವವರಿಗೆ ಮಾನ್ಯತೆ ಪಡೆದ ಆ ಕೇಂದ್ರದ ಮುಖ್ಯಸ್ಥರ ಪ್ರಮಾಣಪತ್ರ ನಡೆಯುತ್ತದೆ. ಅದು ಆಧಾರ್ ಪ್ರಾಧಿಕಾರದ ನಿಗದಿತ ನಮೂನೆಯಲ್ಲೇ ಇರಬೇಕು. ಪ್ರೀತಿಯಿಂದ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟದ್ದು, ಫೋಟೋ ಮೇಲೆ ಅಡ್ಡ ಸಹಿ ಇಲ್ಲದ್ದು, ತಿದ್ದಿ ಬರೆದದ್ದು ತಿರಸ್ಕಾರವಾಗುತ್ತದೆ. ಹೆಸರನ್ನೂ ನೋಡಿಕೊಳ್ಳಿ. ಕೋರ್ಟಿನ ಕಾಗದದಲ್ಲಿ ‘ಮಂಜ ಅಲಿಯಾಸ್ ಮಂಜುನಾಥ’ ಎಂದಿರುವುದು ಮುಂದೆ ಪ್ರತಿ ಕೌಂಟರಿನಲ್ಲೂ ಕಾಡುತ್ತದೆ.

ದಾಖಲೆ ಬರುವ ತನಕ ಬ್ಯಾಂಕಿನಲ್ಲಿ ‘ಸಣ್ಣ ಖಾತೆ’ ಕೇಳಿ. ಫೋಟೋ ಕೊಟ್ಟು, ಅಧಿಕಾರಿಯ ಎದುರೇ ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ಶಿಲ್ಕು 50,000 ರೂಪಾಯಿ ಮೀರಬಾರದು, ವರ್ಷಕ್ಕೆ 1 ಲಕ್ಷದವರೆಗೆ ಜಮಾ, ತಿಂಗಳಿಗೆ 10,000ದವರೆಗೆ ತೆಗೆಯಬಹುದು. 12 ತಿಂಗಳ ಅವಧಿ. ಅಷ್ಟರೊಳಗೆ ದಾಖಲೆಗೆ ಅರ್ಜಿ ಹಾಕಿದ ರಸೀದಿ ತೋರಿಸಿದರೆ ಇನ್ನೂ 12 ತಿಂಗಳು ಸಿಗುತ್ತದೆ. ಕೌಂಟರಿನವರಿಗೆ ಈ ನಿಯಮ ಗೊತ್ತಿರದಿರಬಹುದು. ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನದ ಪ್ರತಿ ಕೈಯಲ್ಲಿರಲಿ. ಹಳೇ ಖಾತೆ ಇದ್ದವರು ಅದರಲ್ಲಿನ ದುಡ್ಡು ಹೋಯಿತೆಂದು ಕೈಬಿಟ್ಟಿರುತ್ತಾರೆ. 2 ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ ಅಷ್ಟೇ, ಹಣ ಅವರದೇ.

ಔಷಧಿಯ ವಿಷಯ ತಡೆಯುವಂಥದ್ದಲ್ಲ. ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಚಿಕಿತ್ಸೆ ಇರುತ್ತದೆ, ಬಿಡುಗಡೆ ನಡುವೆ ಬರುತ್ತದೆ. ಮಾತ್ರೆ ತಪ್ಪಿದರೆ ರೋಗ ಔಷಧಿಗೆ ಬಗ್ಗದಂತಾಗಬಹುದು. ಜೈಲಿನ ಆಸ್ಪತ್ರೆಯಿಂದ ನಿಕ್ಷಯ್ ಐಡಿ (ಸರ್ಕಾರದ ಕ್ಷಯರೋಗಿ ನೋಂದಣಿ ಸಂಖ್ಯೆ) ಬರೆಸಿಕೊಂಡು, ಅವರು ಹೋಗುವ ಊರಿನ ಸರ್ಕಾರಿ ಆಸ್ಪತ್ರೆಗೆ ವರ್ಗ ಮಾಡಿಸಿ. ಎಚ್‌ಐವಿ, ಮಾನಸಿಕ ಚಿಕಿತ್ಸೆಯ ಚೀಟಿಗಳೂ ಹಾಗೆಯೇ. ಅಫೀಮು ಜಾತಿಯ ಮಾದಕ ವಸ್ತು ಬಳಸುತ್ತಿದ್ದವರಿಗೆ ಇದನ್ನು ನೇರವಾಗಿ ಹೇಳಿ: ಒಳಗಿದ್ದಾಗ ದೇಹದ ಸಹಿಷ್ಣುತೆ ಇಳಿದಿರುತ್ತದೆ, ಹಳೇ ಪ್ರಮಾಣ ಈಗ ಪ್ರಾಣ ತೆಗೆಯಬಹುದು.

ಬೀದಿಯಲ್ಲಿ ಮಲಗುವವರಿಗೂ ಮತದಾರರ ಚೀಟಿ ಸಿಗುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಅದಕ್ಕೆ ವಿಳಾಸದ ದಾಖಲೆ ಬೇಕಿಲ್ಲ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿಯಾದ ಫಾರಂ 6ರಲ್ಲಿ ಬರೆದ ಜಾಗಕ್ಕೆ ಬೂತ್ ಮಟ್ಟದ ಅಧಿಕಾರಿ ರಾತ್ರಿ ಬಂದು, ಅವರು ಅಲ್ಲೇ ಮಲಗುವುದನ್ನು ಕಣ್ಣಾರೆ ಕಂಡರೆ ಆಯಿತು. ‘ಬಸ್ ಸ್ಟ್ಯಾಂಡ್’ ಎಂದಷ್ಟೇ ಬರೆಯಬೇಡಿ, ಯಾವ ಗೇಟು, ಯಾವ ಅಂಗಡಿಯ ಮುಂದೆ ಎಂದು ಬರೆಸಿ. ಪರಿಶೀಲನೆ ಮುಗಿಯುವ ತನಕ ಜಾಗ ಬದಲಿಸದಂತೆ ಹೇಳಿ.